ಹುಟ್ಟದೆ ಸತ್ತ ಕ್ಯಾಪ್ಟನ್

ಸೋಮವಾರ, ಬೆಳಿಗ್ಗೆ

ನನ್ನ ಚಿಲಿಪಿಲಿ ತಂಗಿಗೆ,

ಓದುವ ಮುಂಚೆ ಬಾಯಿಗೆ ಬೀಗ ಹಾಕು. ಬೀಗದ ಕೈ ನನಗೆ ಕಳಿಸು. ಈಗ ನಿಜ ಹೇಳು: ಪೇಟೆ ನಡುವಿನ ಹಳೇ ಚರ್ಚಿನ ಚರಿತ್ರೆ ಬರೆಯುತ್ತಿರುವ ಮೇಷ್ಟ್ರ ಹತ್ತಿರ ಏನಾದರೂ ಬಾಯಿಬಿಟ್ಟೆಯಾ? ಚರ್ಚಿಗೆ ನೂರೈವತ್ತು ವರ್ಷ ತುಂಬುತ್ತಂತೆ, ಪುಸ್ತಕ ಗುರುವಾರ ಅಚ್ಚಿಗೆ ಹೋಗುತ್ತಂತೆ. ಅವರು ಬರೆಯುವುದು ಚರಿತ್ರೆ, ಕೆಡುವುದು ನನ್ನ ಚಾರಿತ್ರ್ಯ.

ಹದಿನೈದು ದಿನದಿಂದ ತಪ್ಪದೆ ಮನೆಗೆ ಬರುತ್ತಾರೆ. ಕೇಳುವುದೆಲ್ಲ ಒಬ್ಬನ ಬಗ್ಗೆಯೇ: ಪೀಠದ ಮುಂದಿನ ನೆಲಗಲ್ಲಿನಲ್ಲಿರುವ ಪರಂಗಿ ಕ್ಯಾಪ್ಟನ್. 'ನಗುನಗುತ್ತಾ ಪ್ರಾಣಬಿಟ್ಟ ಧೀರ' ಅಂತ ಕೆತ್ತಿದೆಯಲ್ಲ, ಅವನು. ಅವನಿಗೆ ಪುಸ್ತಕದಲ್ಲಿ ಹನ್ನೆರಡು ಪುಟ. ಹುಟ್ಟದೇ ಇದ್ದವನು ಸತ್ತದ್ದಕ್ಕೆ! ಅವನನ್ನು ಹೆತ್ತವನು ನಾನು, ಇಪ್ಪತ್ತೆರಡನೇ ವಯಸ್ಸಿನಲ್ಲಿ, ಉಳಿಯಿಂದ. ಅದು ಗೊತ್ತಿರುವುದು ನಿನಗೊಬ್ಬಳಿಗೇ. ಅವತ್ತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ನಿನ್ನೆ ಮೇಷ್ಟ್ರು, "ಕ್ಯಾಪ್ಟನ್ ಕಲ್ಲು ಕೆತ್ತಿದೋನು ಎಡಗೈಯವನು ಕಣ್ರೀ ಯಜಮಾನ್ರೇ. ಉಳಿಯೇಟೆಲ್ಲ ಉಲ್ಟಾ ಬಿದ್ದಿದೆ" ಅಂದರು. ಅಂದು ನನ್ನ ಲೋಟದ ಕಡೆ ನೋಡಿದರು. ಲೋಟ ಎಡಗೈಯಲ್ಲಿತ್ತು.

"ಆ ಕಾಲದ ಪರಂಗಿಯೋರೆಲ್ಲ ಎಡಗೈಯವ್ರೇ ಸಾರ್" ಅಂದೆ.

"ಹೌದಾ? ಬರ್ಕೊಳ್ತೀನಿ" ಅಂತ ಬರೆದುಕೊಂಡೇ ಬಿಟ್ಟರು. ಆಗಿನಿಂದ ಬಲಗೈಯಲ್ಲಿ ಟೀ ಕುಡಿಯುತ್ತಿದ್ದೇನೆ. ಅರ್ಧ ನನಗೆ, ಅರ್ಧ ಅಂಗಿಗೆ. ನಿನ್ನ ಅತ್ತಿಗೆಯ ಮೇಲೂ ಅನುಮಾನ. ಮೇಷ್ಟ್ರ ತಟ್ಟೆಗೆ ಎರಡು ಬಿಸ್ಕತ್ತು ಹೆಚ್ಚಿಗೇ ಬೀಳುತ್ತಿವೆ.

ನಿನಗೂ ಹೇಳದ ಒಂದು ವಿಷಯ ಇದೆ. ಕ್ಯಾಪ್ಟನ್ ಬರೀ ತಮಾಷೆಯಲ್ಲ. ಆ ಜಾಗದಲ್ಲಿ ಮೊದಲು ಬೇರೆ ಕಲ್ಲಿತ್ತು. ಚರ್ಚು ಕಟ್ಟಿದ ಹನ್ನೊಂದು ಜನ ಕಲ್ಲುಕುಟಿಗರು ತಮ್ಮ ಹೆಸರು ಕೆತ್ತಿಕೊಂಡಿದ್ದ ಕಲ್ಲು. ನಾಲ್ಕನೆಯದು ನಮ್ಮ ಮುತ್ತಜ್ಜನದು. ಗೋಡೆ ತುಂಬ ದೊರೆಗಳ ಹೆಸರಿದೆ, ಇವರದ್ದು ಅಲ್ಲಿ ಮಾತ್ರ ಇತ್ತು. ನೆಲಕ್ಕೆ ತೇವ ಏರಿದೆ, ಕಲ್ಲು ಎತ್ತಿ ಮತ್ತೆ ಕೂರಿಸು ಅಂತ ಹಾಸಿಗೆ ಹಿಡಿದಿದ್ದ ಅಪ್ಪ ನನ್ನನ್ನು ಕಳಿಸಿದ್ದರು. ಕೈ ಜಾರಿತು. ಎರಡು ಹೋಳು.

ಅವೇ ಹೆಸರು ಮತ್ತೆ ಕೆತ್ತಿದರೆ, ಹಳೆಯದು ಏನಾಯಿತು ಅಂತ ಯಾರಾದರೂ ಕೇಳುತ್ತಾರೆ. ದೊರೆಯ ಹೆಸರಾದರೆ ಯಾರೂ ಕೇಳುವುದಿಲ್ಲ ಅಂದುಕೊಂಡೆ. ಆ ವಾರವೇ ಬಂದಿದ್ದ ಹೊಸ ಪಾದ್ರಿ ಕೇಳಲಿಲ್ಲ, ತಲೆಬಾಗಿಸಿ ಹೋದರು. ಅಪ್ಪ ಮತ್ತೆ ಅಲ್ಲಿಗೆ ಹೋಗುವಂತಾಗಲಿಲ್ಲ. ಹೋಳುಗಳನ್ನು ಹೊಳೆಗೆ ಎಸೆದೆ.

ಗುರುವಾರ ಅಚ್ಚಾದರೆ ಕ್ಯಾಪ್ಟನ್ ಖಾಯಂ, ಆ ಹನ್ನೊಂದು ಜನ ಇರಲೇ ಇಲ್ಲ ಅಂತಾಗುತ್ತದೆ. ಒಪ್ಪಿಕೊಂಡರೆ, ಮುತ್ತಜ್ಜನ ಹೆಸರು ಅಳಿಸಿದ ಮರಿಮಗ ಅಂತ ನಾನು ಖಾಯಂ. ಈ ವಯಸ್ಸಿನಲ್ಲಿ ನನಗೆ ಅದು ಬೇಡ. ಮೇಷ್ಟ್ರು ನಿನ್ನ ಬಾಗಿಲಿಗೆ ಬಂದರೆ ಕಿವಿ ಕೇಳಿಸುವುದಿಲ್ಲ ಅಂದುಬಿಡು.

ಇಂತಿ ನಿನ್ನ
ಎಡವಟ್ಟಣ್ಣ

ತಾ.ಕ.: ಮಡಿಚಿಟ್ಟ ಕಾಗದ ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳಿದೆ. ಹೋಳುಗಳು ಹೊಳೆಗೆ ಹೋಗಲಿಲ್ಲ. ನೀನು ಮನೆ ಕಟ್ಟಿಸುವಾಗ ಹಿತ್ತಿಲ ಬಾಗಿಲಿಗೆ ಎರಡು ಮೆಟ್ಟಿಲು ಕೂರಿಸಿಕೊಟ್ಟೆನಲ್ಲ, ಅವೇ. ಅಕ್ಷರ ಕೆಳಮುಖ. ಈ ಕಾಗದ ತಂದುಕೊಟ್ಟು ನಿನ್ನೆದುರು ನಿಂತಿರುವವರೇ ಮೇಷ್ಟ್ರು. ಲಕೋಟೆಗೆ ಅಂಟು ಹಚ್ಚಿಲ್ಲ, ದಾರಿಯಲ್ಲೇ ಓದಿರುತ್ತಾರೆ. ಅವರಿಗೊಂದು ಹಾರೆ ಕೊಡು. ಮೆಲ್ಲಗೆ ಎತ್ತಿ, ಕೈ ಜಾರೀತು ಅಂತ ಹೇಳು.