ಮಗುಚಿ ಹಾಸಿದ ಮನವಿ

ವಿದೇಶಾಂಗ ಇಲಾಖೆಯ ನಿಶ್ಶಸ್ತ್ರೀಕರಣ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಾವು ಕೊಟ್ಟ ಮನವಿಯ ಮೇಲೆ ಕಪ್ಪು-ಬಸಿ ಇಟ್ಟುಕೊಂಡು ನೀವು ಚಹಾ ಕುಡಿಯುತ್ತಿದ್ದೀರಿ. ಅಲಂಕಾರದ ಮಾತಲ್ಲ ಇದು. ಪರಮಾಣು ಪರೀಕ್ಷೆ ನಿಲ್ಲಿಸುವ ಮಾತುಕತೆಯ ಚಿತ್ರ ಮೊನ್ನೆ ಪತ್ರಿಕೆಯಲ್ಲಿ ಬಂದಿದೆ. ಒಂದು ಕಡೆ ನೀವು, ಎದುರಿಗೆ ನೆರೆದೇಶದ ನಿಯೋಗ, ನಡುವಿನ ಮೇಜಿಗೆ ಹಾಸಿದ್ದು ನಮ್ಮ ಮನವಿಯ ಬಟ್ಟೆ.

ನಾವು ದರ್ಜಿಗಳು. ಕಾಗದದ ಮನವಿಗಳು ನಿಮ್ಮಲ್ಲಿ ಯಾವ ಮೂಲೆ ಸೇರುತ್ತವೆಂದು ಬಲ್ಲೆವು. ಅದಕ್ಕೇ ಪರೀಕ್ಷೆಗಳಿಗೆ ಬಲಿಯಾದ ಮೂರು ಸಾವಿರ ಜನರ ಹೆಸರುಗಳನ್ನು ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಹೊಲಿದು ತಂದೆವು. ನಿಮ್ಮ ಟಪಾಲು ವಿಭಾಗ ಅದನ್ನು 'ಉಡುಗೊರೆ' ಎಂದು ದಾಖಲಿಸಿತು. ಫೋನ್ ಮಾಡಿ ಕೇಳಿದರೆ ಅಲ್ಲಿನ ಗುಮಾಸ್ತರು, "ಬಟ್ಟೆ ಅಂದ್ರೆ ಬಟ್ಟೆ ಕಣಮ್ಮ. ಅರ್ಜಿ ಆಗಿದ್ರೆ ಕಾಗದದಲ್ಲಿ ಇರ್ತಿರ್ಲಿಲ್ವಾ?" ಎಂದರು. ಉಡುಗೊರೆಗೆ ಉತ್ತರ ಕೊಡಬೇಕೆಂಬ ನಿಯಮವಿಲ್ಲ, ಬಳಸಬಹುದೆಂಬ ನಿಯಮವಿದೆಯಂತೆ! ಅದನ್ನೂ ಮಗುಚಿ ಹಾಸಿದ್ದೀರಿ. ಹೆಸರುಗಳು ಕೆಳಗೆ, ದಾರದ ಗಂಟುಗಳು ಮೇಲೆ. ದರ್ಜಿಯ ಕಣ್ಣಿಗೆ ಅದು ಚಿತ್ರದಲ್ಲೂ ಕಾಣುತ್ತದೆ.

ಅದೇ ಪತ್ರಿಕೆಯಲ್ಲಿ, "ಒಪ್ಪಂದಗಳನ್ನು ಬರೆಯುವವರು ತಜ್ಞರು, ಬೀದಿಯ ಗುಂಪುಗಳಲ್ಲ" ಎಂದು ಅಪ್ಪಣೆ ಕೊಡಿಸಿದ್ದೀರಿ. ಇರಬಹುದು. ಆದರೆ ನೆರೆಯವರ ಪತ್ರಗಳಿಗೆ ಮೂರು ವರ್ಷ ಮಾರುತ್ತರವನ್ನೇ ಬರೆಯದ ತಜ್ಞರು ಈ ಮೇಜಿಗೆ ಬಂದದ್ದು ಹೇಗೆ? ಇಲ್ಲಿ ನಾವು, ಅಲ್ಲಿ ಅವರ ದಾದಿಯರು, ಬಂದರಿನ ಕೂಲಿಗಳು ಒಂದೇ ವಾರ ಬೀದಿಗಿಳಿದ ಮೇಲಲ್ಲವೇ ಎರಡೂ ಸರ್ಕಾರಗಳಿಗೆ ಬಾಯಿ ಬಂದದ್ದು? ಕೈಹಿಡಿದು ಕರೆತಂದು ಕೂರಿಸಿದವರನ್ನೇ 'ನೀವು ಯಾರು?' ಎಂದು ಕೇಳುವುದು ಯಾವ ಸೀಮೆಯ ರಾಜತಾಂತ್ರಿಕತೆ?

ಆ ಬಟ್ಟೆಯಲ್ಲಿ ನನ್ನ ತಮ್ಮನ ಹೆಸರಿದೆ. ಪರೀಕ್ಷಾ ಮೈದಾನದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಸ್ಫೋಟದ ಮರುದಿನವೇ ಕೇಬಲ್ ಸುತ್ತಿ ತರಲು ಅವನನ್ನು ಒಳಗೆ ಕಳುಹಿಸಿದರು. ಆಮೇಲೆ ರಕ್ತದ ಕ್ಯಾನ್ಸರ್. "ಅಕ್ಕಾ, ಅಂಗಿ ದೊಗಳೆ ಆಗಿದೆ, ಸ್ವಲ್ಪ ಬಿಗಿ ಮಾಡ್ಕೊಡೇ" ಎನ್ನುತ್ತಿದ್ದ. ಒಂದೇ ಅಂಗಿಯನ್ನು ಐದು ಸಲ ಬಿಗಿ ಮಾಡಿಕೊಟ್ಟೆ. ಆರನೆಯ ಸಲ ಅವನು ಕೇಳಲಿಲ್ಲ.

ಅವನ ಮಗಳೂ ಅಪ್ಪನ ಎಲೆಕ್ಟ್ರಿಷಿಯನ್ ಕಸುಬನ್ನೇ ಕಲಿತಳು. ಬರುವ ಸೋಮವಾರ ಸಹಿಯಾಗದೆ ಮಾತುಕತೆ ಮುರಿದರೆ ಮೈದಾನ ಮತ್ತೆ ತೆರೆಯುತ್ತದೆ; ಅಲ್ಲಿಗೆ ಹಾಜರಾಗಲು ಸಿದ್ಧಳಿರಬೇಕೆಂಬ ಆದೇಶ ಅವಳ ಕೈಸೇರಿದೆ. ನಿನ್ನೆ ಕೇಳಿದಳು: "ಅತ್ತೆ, ಈ ಸಲ ಸ್ಫೋಟ ಆಗಿ ಎಷ್ಟು ದಿನ ಬಿಟ್ಟು ಒಳಗೆ ಕಳಿಸ್ತಾರಂತೆ?"

ಸೋಮವಾರ ಆ ಬಟ್ಟೆಯನ್ನು ಸರಿಯಾಗಿ ತಿರುಗಿಸಿ ಹಾಸಿ. ಹೆಸರುಗಳನ್ನು ಎರಡೂ ನಿಯೋಗಗಳೆದುರು ಓದಿಸಿ, ನಡಾವಳಿಯಲ್ಲಿ ಬರೆಸಿ, ಆಮೇಲೆ ಒಪ್ಪಂದಕ್ಕೆ ಸಹಿ ಹಾಕಿ. ಹಾಕುವುದಿಲ್ಲವೆಂದಾದರೆ ಆ ಹುಡುಗಿಯ ಪ್ರಶ್ನೆಗೆ ನೀವೇ ಉತ್ತರ ಬರೆದು ಕಳುಹಿಸಿ. ಸಮವಸ್ತ್ರ ಹೊಲಿಯಲು ಅವಳು ಬಟ್ಟೆ ನನ್ನ ಹತ್ತಿರವೇ ಕೊಟ್ಟಿದ್ದಾಳೆ. ನಾನಿನ್ನೂ ಕತ್ತರಿ ಹಾಕಿಲ್ಲ.

ಇಂತಿ,
ಸೋಮವಾರದವರೆಗೆ ಮಾತ್ರ ತಮ್ಮ ವಿಧೇಯಳು,
ಒಬ್ಬ ದರ್ಜಿ