ಜಂಗ್ಲಿಗೆ ಸಿಕ್ಕ ಟೆರೇಸು

ಕೋಟೆ, ಶಿವಮೊಗ್ಗ
17 ನವೆಂಬರ್ 2024, ಭಾನುವಾರ

ಪ್ರೀತಿಯ ಅತೀಕಾ ಆಪಾಗೆ,

ತಮ್ಮ ಇಲಿಯಾಸನ ಸಲಾಮ್. ನೀನು, ಭಾವ, ಇರಂ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ನನ್ನದು ತಡವಾಯಿತು, ಬೈಯಬೇಡ. ಕ್ಷಮೆಯನ್ನು ಪ್ರಾಸದಲ್ಲೇ ಕೇಳುವುದಾದರೆ: ಮನೆಗೆ ಬಂತು ಕಬೂತರ, ತಡವಾಯಿತು ಉತ್ತರ. ನಗಬೇಡ. ಇಂಥದ್ದನ್ನು ಬರೆದೇ ನಾನು ಈ ಊರಿನಲ್ಲಿ ಅನ್ನ ತಿನ್ನುತ್ತಿರುವುದು.

ಬಸ್ಸು ಹತ್ತಿದರೆ ಅರ್ಧ ಮುಕ್ಕಾಲು ಗಂಟೆಯ ಭದ್ರಾವತಿಗೆ ಕಾಗದ ಯಾಕೆ, ಫೋನ್ ಮಾಡಬಾರದೇ ಎಂದು ಶಮ್ಸು ಕೇಳಿದಳು. ನನ್ನ ಹೆಂಡತಿಯಾದ ತಪ್ಪಿಗೆ ಪಾಪ ಅವಳು ಇದನ್ನೆಲ್ಲ ನೋಡಬೇಕಾಗಿದೆ. ನಿನ್ನ ಫೋನು ನಿನ್ನದಾಗಿದ್ದರೆ ಮಾಡುತ್ತಿದ್ದೆ ಆಪಾ. ಅದು ಸ್ಪೀಕರಿನಲ್ಲಲ್ಲದೆ ಮಾತಾಡುವುದಿಲ್ಲ, ಪಕ್ಕದಲ್ಲಿ ಅಬ್ಬಾ ಕಿವಿಯಾಗಿ ಕೂತಿರುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜ್ ಹಾಕಿದರೆ ಇರಂ ಅದನ್ನು ತನ್ನ ನಾನಾಗೆ ವಾರ್ತೆಯ ಹಾಗೆ ಓದಿ ಹೇಳುತ್ತಾಳೆ. ಕಾಗದವೇ ಕ್ಷೇಮ. ಅಬ್ಬಾ ಓದಿದ್ದು ಉರ್ದು ಸ್ಕೂಲಿನಲ್ಲಿ, ಕನ್ನಡ ಅಕ್ಷರ ಅವರಿಗೆ ಜಿಲೇಬಿ. ನಿನ್ನ ಮಗಳದು ಇಂಗ್ಲಿಷ್ ಮೀಡಿಯಂ, ಒಂದು ಒತ್ತಕ್ಷರ ದಾಟುವಷ್ಟರಲ್ಲಿ ಸಂಜೆಯ ಮಗ್ರಿಬ್ ನಮಾಜ್ ಆಗಿರುತ್ತದೆ. ನಮ್ಮಿಬ್ಬರ ಕನ್ನಡ ಮೀಡಿಯಂ ಇಷ್ಟಕ್ಕಾದರೂ ಬಂತು.

ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಬ್ಬಾ ನಿನ್ ಮನೇಲಿ ಬಂದು ಸ್ವಲ್ಪ ದಿನ ಇರ್ತೀನಿ ಅಂತಿದಾರೆ. ಕರ್ಕೊಂಡ್ ಬರ್ಲಾ, ಬೇಡ್ವಾ? ಸುತ್ತಿ ಬಳಸ್ದೆ ಬರಿ." ಸುತ್ತಿ ಬಳಸದೆ ಬರೆಯುವುದು ನನಗೆ ಬಾರದ ವಿದ್ಯೆ. ಕಬೂತರದಿಂದಲೇ ಶುರು ಮಾಡುತ್ತೇನೆ. ಅವರು ಬರುತ್ತಿರುವುದೂ ಅದಕ್ಕಾಗಿಯೇ ತಾನೇ?

ನನ್ನ ಫ್ಲೆಕ್ಸ್ ಅಂಗಡಿಯ ಮೇಲೆ ಒಂದು ಕಬ್ಬಿಣದ ಫ್ರೇಮು ಇದೆಯಲ್ಲ, ಅದರ ಮೇಲೆ ಹೋದ ವರ್ಷದ ಹುಟ್ಟುಹಬ್ಬದ ಒಂದು ಮುಖ ಇನ್ನೂ ನಗುತ್ತಲೇ ಇತ್ತು. ಕೆಳಗೆ ನನ್ನದೇ ಸಾಲು: "ನಗುಮೊಗದ ನಾಯಕ, ನಮ್ಮ ವಾರ್ಡಿಗೆ ಸಹಾಯಕ." ಆ ಮನುಷ್ಯ ನಕ್ಕದ್ದನ್ನಾಗಲಿ, ಯಾರಿಗಾದರೂ ಸಹಾಯ ಮಾಡಿದ್ದನ್ನಾಗಲಿ ವಾರ್ಡು ಕಂಡಿಲ್ಲ. ಆದರೂ ವರ್ಷಕ್ಕೊಮ್ಮೆ ಹುಟ್ಟುತ್ತಾನೆ. ಹೊಸ ಮುಖ ಕಟ್ಟಬೇಕೆಂದು ಹಳೆಯದನ್ನು ಬಿಚ್ಚಲು ಏಣಿ ಹತ್ತಿದೆ. ನಾಯಕನ ಎಡಗಿವಿಯ ಹಿಂದೆ ಪಾರಿವಾಳದ ಗೂಡು. ಗೂಡು ಎನ್ನುವುದು ಮರ್ಯಾದೆಯ ಮಾತು. ನಾಲ್ಕು ಕಡ್ಡಿ, ಒಂದು ತುಂಡು ವೈರು, ಉಳಿದದ್ದೆಲ್ಲ ಹಿಕ್ಕೆ. ಇಷ್ಟು ಸೋಮಾರಿ ಹಕ್ಕಿಯ ಕೈಗೆ ಶಾಂತಿಯ ಖಾತೆ ಕೊಟ್ಟವರು ಯಾರೋ! ಹಗ್ಗ ಸಡಿಲಿಸಿದ್ದೇ ಎರಡು ಮರಿ ಕೆಳಗೆ ಬಿದ್ದವು. ಒಂದು ಅಲ್ಲೇ ಸತ್ತಿತು. ಇನ್ನೊಂದು ನನ್ನನ್ನು ದುರುಗುಟ್ಟಿ ನೋಡಿ ಕೊಕ್ಕು ಕಟಕಟ ಬಡಿಯಿತು. ಹೆದರಿಸುತ್ತಿತ್ತಂತೆ. ಅದರ ಅಪ್ಪ ಅಮ್ಮ ಎದುರಿನ ಕೇಬಲ್ಲಿನ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದವು. ಆಮೇಲೆ ಬೇರೆ ಕೆಲಸ ನೆನಪಾದವರ ಹಾಗೆ ಹೋದವು, ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಅದರಷ್ಟು ಕುರೂಪದ ಜೀವವನ್ನು ನಾನು ಚುನಾವಣೆಯ ಫ್ಲೆಕ್ಸುಗಳಲ್ಲೂ ಕಂಡಿಲ್ಲ. ಸುಲಿದ ಕೋಳಿಗೆ ಹಳದಿ ಕೂದಲು ಅಂಟಿಸಿ, ಮುಖಕ್ಕೆ ಯಾರದೋ ಮೂಗು ಹಚ್ಚಿದ ಹಾಗಿತ್ತು. ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಮನೆಗೆ ತಂದೆ. ಸಲಹೆ ಕೊಡದವರು ಯಾರು? ಒಬ್ಬ ಹಾಲು ಎಂದ, ಇನ್ನೊಬ್ಬ ಅನ್ನ ಎಂದ, ಮತ್ತೊಬ್ಬ ಬಿರಿಯಾನಿ ಎಂದು ಹೇಳಿ ತಾನೇ ನಕ್ಕ. ಕಡಲೆ ನೆನೆಸಿ ರುಬ್ಬಿ ಕೊಕ್ಕು ಬಿಡಿಸಿ ತುರುಕಿದರೆ ಅದು ತಲೆ ಕೊಡವಿ ನನ್ನ ಅಂಗಿಯ ಮೇಲೆಲ್ಲ ಚಿಮ್ಮಿಸಿತು. ಆಗಲೇ ನಿನಗೆ ಫೋನ್ ಮಾಡಿದ್ದು. ಮಾಡಬಾರದಿತ್ತು. ನೀನು "ಏನೋ ಅದು ಕಿರುಚ್ತಿರೋದು?" ಎನ್ನುವುದರೊಳಗೆ ಸ್ಪೀಕರಿನಿಂದ ಅಬ್ಬಾ ಅವರ ಗಂಟಲು ಎದ್ದಿತು.

"ಅರೇ ಪಾಗಲ್, ಬಾಯಿ ಬಿಡಿಸ್ಬೇಡ! ಕಬೂತರದ ಮರಿ ಬಾಯಿ ಬಿಡಲ್ಲ, ಬಾಯಿ ತೂರ್ಸುತ್ತೆ. ಹಿಟ್ಟು ಹಿಡ್ಕೊಂಡು ಮುಷ್ಟಿ ಮಾಡು, ಬೆರಳ ಸಂದಿ ಬಿಡು. ಅದೇ ಮೂತಿ ತೂರ್ಸಿ ತಿನ್ನುತ್ತೆ."

"ನಾನೇನು ಅದರಮ್ಮನಾ ಅಬ್ಬಾ?"

"ಅಮ್ಮನೇ ಆಗ್ಬೇಕಿಲ್ಲ ಕಣೋ. ಕಬೂತರದಲ್ಲಿ ಅಪ್ಪಾನೂ ಉಣಿಸ್ತಾನೆ."

ಈ ಮಾತು ಹೇಳಿದವರು ನಮ್ಮ ಅಬ್ಬಾ. ಪೆನ್ನು ಕೆಳಗಿಟ್ಟು ಸ್ವಲ್ಪ ನಕ್ಕು ಮುಂದುವರಿಸುತ್ತಿದ್ದೇನೆ.

ನಿನಗೆ ನೆನಪಿಲ್ಲವೇ ಆಪಾ, ಓಲ್ಡ್ ಟೌನಿನ ಮನೆಯ ಮೇಲಿನ ಆ ತಗಡಿನ ಗೂಡುಗಳು? ಕಾರ್ಖಾನೆಯಿಂದ ಬಂದ ಅಬ್ಬಾ ಚಪ್ಪಲಿ ಬಿಡದೆ ಮೇಲೆ ಹತ್ತುತ್ತಿದ್ದರು. ಕಾಳಿನ ಡಬ್ಬ ಅಲ್ಲಾಡಿಸಿ "ಆವ್, ಆವ್" ಎಂದು ಕರೆಯುತ್ತಿದ್ದರು. ಪ್ರತಿಯೊಂದಕ್ಕೂ ನವಾಬರ ಹೆಸರು. ಎಲ್ಲವನ್ನೂ ಎಣಿಸಿ, ಒಂದು ಕಡಿಮೆಯಾದರೆ ಊಟ ಮಾಡುತ್ತಿರಲಿಲ್ಲ. ನಾವಿಬ್ಬರು ಮನೆಯೊಳಗೆ ಇದ್ದೇವೋ ಇಲ್ಲವೋ ಎಂದು ಎಣಿಸುವ ಕೆಲಸ ಅಮ್ಮಿಯದಾಗಿತ್ತು. ನಾನು ಬಿ.ಎ.ಗೆ ಶಿವಮೊಗ್ಗಕ್ಕೆ ಹೊರಟ ದಿನ ನೀನು ಅತ್ತೆ. ಅವರು ಮೇಲಿನಿಂದಲೇ, ಕಾಳು ಎರಚುತ್ತ, "ಜಾನೇ ದೇ, ಜಂಗ್ಲಿ ಹೈ" ಎಂದರು. ಹೋಗಲಿ ಬಿಡು, ಜಂಗ್ಲಿ. ಅವರ ಬಾಯಲ್ಲಿ ಅದು ಬೈಗುಳವೂ ಅಲ್ಲ, ಜಾತಿ. ನಸಲ್ ಇರುವ, ಒಳ್ಳೆಯ ತಳಿಯ ಕಬೂತರ ಎಲ್ಲಿ ಬಿಟ್ಟರೂ ತನ್ನ ಛತ್ತಿಗೆ, ಸಾಕಿದವರ ಟೆರೇಸಿಗೆ, ವಾಪಸ್ ಬರುತ್ತದೆ. ಜಂಗ್ಲಿ ಇಲ್ಲಿ ತಿಂದು ಅಲ್ಲಿಗೆ ಹೋಗುತ್ತದೆ. ನಾನು ಹೋದೆ, ಇಲ್ಲೇ ಉಳಿದೆ, ಅವರ ಶಾಸ್ತ್ರ ನಿಜವಾಯಿತು.

ಈಗ ಕೇಳು ತಮಾಷೆ. ಅಷ್ಟು ವರ್ಷ ಈದ್ ಹಬ್ಬದ ದಿನ ನಿನ್ನ ಕೈಯಿಂದ ಫೋನ್ ತೆಗೆದುಕೊಂಡು "ಹ್ಞಾ, ಮುಬಾರಕ್" ಎಂದಷ್ಟೇ ಹೇಳಿ ವಾಪಸ್ ಕೊಡುತ್ತಿದ್ದವರು, ದಿನಾ ಸಂಜೆ ತಾವಾಗಿಯೇ ಫೋನ್ ಮಾಡತೊಡಗಿದರು. ಸಲಾಮಿಗೆ ಮೊದಲೇ "ಪೋಟಾ ತುಂಬಿದ್ಯಾ?" ಪೋಟಾ ಎಂದರೆ ಹಕ್ಕಿಯ ಕುತ್ತಿಗೆಯ ಬುಡದ ಕಾಳಿನ ಚೀಲ. ಅದು ಮೆತ್ತಗಿದೆಯೋ, ಬಿಗಿಯಾಗಿದೆಯೋ, ರಾತ್ರಿ ಖಾಲಿಯಾಯಿತೋ ಎಂಬುದರ ಮೇಲೆ ಈ ಮನುಷ್ಯ ನನ್ನೊಡನೆ ಆಡಿದ ಮಾತು, ನಾನು ಹುಟ್ಟಿದ ಮೇಲೆ ಆಡಿದ ಎಲ್ಲ ಮಾತಿಗಿಂತ ಹೆಚ್ಚು. ಯಾವ ಜಾತಿ ಎಂದು ಕೇಳಿದರು. ಬೂದಿ ಬಣ್ಣ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟಿ ಎಂದೆ. "ಛೀ, ಜಂಗ್ಲಿ! ಜಂಗ್ಲಿ ಸಾಕ್ತಾರೇನೋ ಯಾರಾದ್ರೂ?" ಎಂದು ಉಗಿದರು. ಮರುದಿನ ಸಂಜೆ ಮತ್ತೆ ಫೋನ್. "ಪೋಟಾ ತುಂಬಿದ್ಯಾ?"

ಮರಿ ಬೆಳೆಯಿತು. ಪುಕ್ಕ ಬಂತು, ಕುತ್ತಿಗೆಗೆ ಹಸಿರು ಮಿಂಚು ಬಂತು, ಬುದ್ಧಿ ಮಾತ್ರ ಬರಲಿಲ್ಲ. ಅದರ ಮೇಲೆ ನಾನು ಕಟ್ಟಿದ ಪದ್ಯ ಇದು: "ಕಣ್ಣು ಕೆಂಪು, ಕಾಲು ಕೆಂಪು, ತಲೆಯ ಒಳಗೆ ಪೂರಾ ತಂಪು." ಕನ್ನಡಿಯಲ್ಲಿ ತನ್ನನ್ನೇ ನೋಡಿ ಗುಟುರು ಹಾಕಿ, ಬಗ್ಗಿ ಬಗ್ಗಿ ಸಲಾಮು ಹೊಡೆಯುತ್ತಿತ್ತು. ಶಮ್ಸುವಿನ ತಲೆಯ ಮೇಲೆ ಕೂರುತ್ತಿತ್ತು. ನನ್ನ ಕಂಡರೆ ರೆಕ್ಕೆ ಬಡಿಯುತ್ತ ಚೀಂಗುಟ್ಟುತ್ತ ಬೆರಳ ಸಂದಿಗೆ ಮೂತಿ ತೂರಿಸುತ್ತಿತ್ತು, ಬೆರಳಲ್ಲಿ ಏನೂ ಇರದಿದ್ದರೂ.

ಆಗ ಮನೆ ಓನರು ಗಂಗಾಧರಪ್ಪ ಇಳಿದು ಬಂದರು. ಅವರು ಮಹಡಿಯಲ್ಲಿದ್ದಾರೆ, ನಾವು ಅವರ ಕಾಲ ಕೆಳಗೆ ಬಾಡಿಗೆಗೆ.

"ಅಲ್ಲ ಮಾರಾಯ, ಮನೆಯೊಳಗೆ ಪಾರಿವಾಳ ಹೊಕ್ಕರೆ ಶಾಂತಿ ಮಾಡಿಸ್ಬೇಕು, ಗೊತ್ತಾ ನಿಂಗೆ?"

"ಯಾರು ಮಾಡಿಸ್ಬೇಕು ಸಾರ್? ಮನೆ ನಿಮ್ದು. ಪಾರಿವಾಳ ನಮ್ದು."

ಗಂಗಾಧರಪ್ಪ ತಲೆ ಕೆರೆದುಕೊಂಡರು. ಮುಸಲ್ಮಾನನ ಪಾರಿವಾಳ ಲಿಂಗಾಯತರ ಗೋಡೆಯೊಳಗೆ ಬಂದರೆ ದೋಷ ಯಾರ ಪಾಲಿಗೆ ಎಂಬುದು ಅವರ ಸ್ವಾಮಿಗಳಿಗೂ ಗೊತ್ತಿರಲಿಲ್ಲವಂತೆ. ಕೊನೆಗೆ ತೀರ್ಪು ಕೊಟ್ಟವರು ಅವರ ಹೆಂಡತಿ ಸುಭದ್ರಮ್ಮ, ಮೆಟ್ಟಿಲ ಮೇಲೆ ನಿಂತು. "ಒಳಗಿದ್ರೆ ತಾನೇ ದೋಷ? ಟೆರೇಸಿನ್ ಮೇಲೆ ಇಟ್ಕಳ್ಳಪ್ಪ. ಟೆರೇಸು ಹೊರಗಿನ ಲೆಕ್ಕ." ಕೀ ನನ್ನ ಕೈಗೆ ಬಂತು. ಆಪಾ, ಹಪ್ಪಳ ಒಣಗಿಸಲು ಶಮ್ಸು ಎಷ್ಟು ಸಲ ಕೇಳಿದರೂ ಸಿಗದ ಟೆರೇಸು ಇದು. ಮನುಷ್ಯರಿಗೆ ಸಿಗದ್ದು ದೋಷಕ್ಕೆ ಸಿಕ್ಕಿತು.

ಆ ಸಂಜೆ ಬಾಯಿ ತಪ್ಪಿ ಅಬ್ಬಾಗೆ ಹೇಳಿದೆ. ಪೋಟಾದ ಮಾತು ಬಿಟ್ಟು, "ಛತ್ ಸಿಕ್ತಾ?" ಎಂದರು.

ನಾನು ಈ ಮನೆಗೆ ಬಂದಾಗ ಕರೆದಿದ್ದೆ, ಬರಲಿಲ್ಲ. ಶಮ್ಸುವಿಗೆ ಆಪರೇಷನ್ ಆದಾಗ ಎಲ್ಲರೂ ಬಂದಿರಿ, ಅವರು ಬರಲಿಲ್ಲ. ಕೇಳಿದರೆ ಒಂದೇ ಉತ್ತರ: "ಛತ್ ನೈಂ ಸೋ ಘರ್, ಘರ್ ಕ್ಯಾ ರೇ?" ಛತ್ತಿಲ್ಲದ ಮನೆಯೂ ಒಂದು ಮನೆಯೇ? ಅಮ್ಮಿ ಹೋದ ಮೇಲೆ ಕಬೂತರಗಳನ್ನೆಲ್ಲ ಹಂಚಿ ನಿನ್ನ ನ್ಯೂ ಟೌನ್ ಮನೆಗೆ ಬಂದರಲ್ಲ, ಅಲ್ಲೂ ಟೆರೇಸ್ ಇದೆಯೆಂದೇ ಒಪ್ಪಿದ್ದು, ಮಗಳಿದ್ದಾಳೆಂದಲ್ಲ. ನೀನು ಹೌದೆನ್ನುವುದಿಲ್ಲ, ಗೊತ್ತು. ನಿನಗೆ ಮೊದಲಿನಿಂದಲೂ ಅವರ ಪರ ವಾದಿಸುವ ಚಟ.

ಈಗ ಬರುತ್ತೇನೆ ಎನ್ನುತ್ತಾರೆ. ಜಂಗ್ಲಿಗೆ ಛತ್ತಿನ ಗುರುತು ಹಿಡಿಸಬೇಕಂತೆ, ಇದು ಬಿ.ಎ. ಓದಿದವರ ಕೈಲಾಗುವ ಕೆಲಸವಲ್ಲವಂತೆ. ಅಲ್ಲಿಯವರೆಗೆ ರೆಕ್ಕೆಗೆ ದಾರ ಕಟ್ಟಿಡು ಎಂದು ದಿನಾ ಹೇಳಿದರು. ನಾನು ಕಟ್ಟಲಿಲ್ಲ. ಕಷ್ಟಪಟ್ಟು ಬಂದ ರೆಕ್ಕೆಗೆ ದಾರ ಸುತ್ತಲು ಕೈ ಬರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಬರಲಿ. ನನಗೇನು? ಬರುವ ಶುಕ್ರವಾರ ಜುಮ್ಮಾ ಮುಗಿಸಿಕೊಂಡು ಹೊರಡಿ. ಆದರೆ ಮಗನ ಮನೆಗೆ ಹೊರಟಿದ್ದಾರೆ ಎಂದು ಯಾರಿಗೂ ಹೇಳಬೇಡ, ಸುಳ್ಳಾಗುತ್ತದೆ. ಹಕ್ಕಿಯ ಮನೆಗೆ ಹೊರಟಿದ್ದಾರೆ, ನಾನು ಅಲ್ಲಿ ವಾಚ್‌ಮನ್. ಮುಂದಿನ ರೂಮು ಖಾಲಿ ಮಾಡಿದ್ದೇನೆ, ಕಂಪ್ಯೂಟರು ಅಂಗಡಿಗೆ ಹೋಯಿತು. ಅದೂ ಧೂಳು ಜಾಸ್ತಿಯೆಂದು, ಬೇರೆ ಅರ್ಥ ಕಟ್ಟಬೇಡ. ಟೆರೇಸಿನ ಮೆಟ್ಟಿಲಿಗೆ ಒಂದು ಕಡೆ ಪೈಪಿನ ಹಿಡಿಕೆ ಹಾಕಿಸಿದೆ, ಶಮ್ಸುವಿನ ಮೊಣಕಾಲಿಗೂ ಬೇಕಿತ್ತು. ಮೇಲೆ ಕೈ ಇರುವ ಕುರ್ಚಿ ಇಟ್ಟು, ಬಿಸಿಲಿಗೆ ಅಡ್ಡವಾಗಿ ಆ ಹಳೇ ಫ್ಲೆಕ್ಸ್ ಕಟ್ಟಿದ್ದೇನೆ. ಅಬ್ಬಾ ನಾಯಕನ ನಗುಮೊಗದ ನೆರಳಲ್ಲಿ ಕೂರಬಹುದು. ಅಂತೂ ಅವನು ಯಾರಿಗೋ ಸಹಾಯಕನಾದ, ನನ್ನ ಪ್ರಾಸ ನಿಜವಾಯಿತು.

ಅವರ ಸಕ್ಕರೆ ಮಾತ್ರೆ ಮರೆಯಬೇಡ. ಇರಂಗೆ ನನ್ನ ದುವಾ, ಚೆನ್ನಾಗಿ ಓದಲಿ, ಕನ್ನಡ ಮಾತ್ರ ಇಷ್ಟೇ ಬರುತ್ತಿರಲಿ. ಭಾವನಿಗೆ ಸಲಾಮ್. ಅಲ್ಲಾಹ್ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಇಲಿಯಾಸ್

ತಾ.ಕ.: ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ ಆಪಾ, ಕೊನೆಯನ್ನು ಬರೆದಿಲ್ಲ ಅಷ್ಟೇ. ಮೊನ್ನೆ ಶುಕ್ರವಾರ ಬೆಳಿಗ್ಗೆ ಕಬೂತರ ಟೆರೇಸಿನಿಂದ ಹಾರಿತು. ಕೋಟೆಯ ಮೇಲೆ ಒಂದು ಸುತ್ತು ಹಾಕಿ, ಹೊಳೆಯ ಕಡೆ ಹೋಯಿತು. ಈವರೆಗೆ ಬಂದಿಲ್ಲ. ಸಂಜೆ ಸಂಜೆ ಡಬ್ಬ ಅಲ್ಲಾಡಿಸಿ "ಆವ್, ಆವ್" ಎನ್ನುತ್ತೇನೆ, ಥೇಟ್ ಅಬ್ಬಾ ಅವರ ಗಂಟಲೇ ಬರುತ್ತದೆ. ಗಂಗಾಧರಪ್ಪ ಮೆಟ್ಟಿಲಿಂದ ಇಣುಕಿ ನೋಡುತ್ತಾರೆ. ನಿನ್ನೆ ಅಬ್ಬಾ ಫೋನಿನಲ್ಲಿ "ಪೋಟಾ ತುಂಬಿದ್ಯಾ?" ಎಂದರು. "ತುಂಬಿದೆ ಅಬ್ಬಾ" ಎಂದೆ. ಅವರ ಜಂಗ್ಲಿಯ ಮಾತು ಮತ್ತೆ ನಿಜವಾಗಿದೆ ಎಂದು ಅವರಿಗೆ ಹೇಳಬೇಡ. ಆಗಲೇ ಬ್ಯಾಗು ತುಂಬಿಟ್ಟಿದ್ದಾರೆ ಎಂದು ಬರೆದಿದ್ದೀಯಲ್ಲ. ಗೊತ್ತಾದರೆ ಬಿಚ್ಚಿಬಿಡುತ್ತಾರೆ.