ಸಂತನ ಪಂಕ್ತಿಯಲ್ಲಿ ಉಂಡ ನಾಯಿ

ಪಾಲ್ಮೆರಾಲ್, ಮಾರನ್ಯಾಂವ್
12 ಫೆಬ್ರವರಿ 2012

ಮುದ್ದು ತಂಗಿ ಇರಾಸಿ,

ನನ್ನ ಫೋನು ಎತ್ತುವುದನ್ನು ಬಿಟ್ಟಿದ್ದೀಯ. ಕಾಗದವನ್ನಾದರೂ ಹರಿಯದೆ ಓದುತ್ತೀಯೆಂದು ಬರೆಯುತ್ತಿದ್ದೇನೆ.

ನಿನ್ನೆ ನಾಯಿಗಳನ್ನು ಕಾಯುವ ಸಂತ ಲಾಜಾರನ ಹಬ್ಬ. ಈ ವರ್ಷ ಬೇಡವೆಂದರೂ ಅಮ್ಮ ಹರಕೆ ಬಿಡಲಿಲ್ಲ. ಅಂಗಳದಲ್ಲಿ ಚಾಪೆ ಹಾಸಿ, ಬಿಳಿ ಬಟ್ಟೆ ಹರಡಿ, ನಾಯಿಗಳಿಗೆಂದು ಒಳ್ಳೆಯ ತಟ್ಟೆಗಳಲ್ಲೇ ಕೋಳಿ, ಅನ್ನ ಬಡಿಸಿಟ್ಟಳು. ಪ್ರತಿ ವರ್ಷ ನಾಯಿಗಳೂ ಅವುಗಳ ಪಕ್ಕದಲ್ಲಿ ಕೂತ ಮಕ್ಕಳೂ ಉಂಡು ಏಳುವವರೆಗೆ ದೊಡ್ಡವರು ಹಸಿದುಕೊಂಡು ಕಾಯುತ್ತಿದ್ದೆವಲ್ಲ, ಈ ಸಲ ಒಂದು ನಾಯಿಯೂ ಬರಲಿಲ್ಲ. ಊರವರು ಕಟ್ಟಿಹಾಕಿದ್ದರು.

ಎದುರುಮನೆಯ ಒಸ್ಮರೀನಾ ಬೇಲಿಯಾಚೆಯಿಂದಲೇ ಚುಚ್ಚಿದಳು. "ಏನಜ್ಜಿ, ನಾಯಿಗೆ ಕೋಳಿ, ಮೊಮ್ಮಗನಿಗೆ ಮಣ್ಣು. ಚೆನ್ನಾಗೈತೆ ನಿನ್ ಹರಕೆ."

ಅಮ್ಮ ಸಿಟ್ಟಾಗಲಿಲ್ಲ. "ಹೌದು ಕಣೆ, ನಾನೇ ಕೊಂದೆ. ಸಂತನ ಪಂಕ್ತೀಲಿ ಉಂಡ ನಾಯಿಗೆ ಹುಚ್ಚು ಹಿಡಿಯಲ್ಲ ಅಂತ ನಂಬ್ಕೊಂಡಿದ್ದೋಳು ನಾನೊಬ್ಳೇ. ನಿನ್ ಮಗೂಗೆ ಒಂದು ಗೀರು ಬಿದ್ರೂ ಸೂಜಿ ಹಾಕ್ಸು" ಎಂದಳು.

ಅವಳೊಬ್ಬಳೇ ಎಲ್ಲಿ, ಇರಾಸಿ? ಆ ಮಾತು ಕೇಳಿಯೇ ನಾವೆಲ್ಲ ಬೆಳೆದದ್ದು. ಪ್ರತಿ ಹಬ್ಬಕ್ಕೂ ಆ ಪಂಕ್ತಿಯಲ್ಲಿ ಉಂಡಿದ್ದ ನಾಯಿ ಪಿಯಾಬಾ ಕಚ್ಚಿದಾಗ ನಿನ್ನ ಎರಿವಾನ್ ಅಳಲೂ ಇಲ್ಲ. ಅಮ್ಮ ಗಾಯಕ್ಕೆ ಸಂತನ ಹೆಸರಿನ ಬಟ್ಟೆ ಪಟ್ಟಿ ಕಟ್ಟುತ್ತಿದ್ದರೆ, "ಪಿಯಾಬಾ ಇವತ್ತು ಹಲ್ಲುಜ್ಜಿಲ್ಲ ಅಜ್ಜಿ, ಬಾಯಿ ನಾರ್ತಿತ್ತು" ಎಂದು ನಗುತ್ತಿದ್ದ. ಗಾಯ ಮಾಯ್ದು ಎಲ್ಲರೂ ಮರೆತ ಮೇಲೆ ಒಂದು ಬೆಳಿಗ್ಗೆ ನೀರಿನ ಲೋಟ ಕಂಡು ಮಗು ಗೋಡೆಗೆ ಅಂಟಿಕೊಂಡಿತು. ನೀನು ಸಾಂವ್ ಲುಯಿಸ್ ನಗರದಲ್ಲಿ ಕೆಲಸಕ್ಕಿದ್ದ ಮನೆಯಿಂದ ಬರುವಷ್ಟರಲ್ಲಿ ಮುಖದ ಮೇಲೆ ಹೊದಿಕೆ ಎಳೆದಾಗಿತ್ತು. "ನನ್ ಮಗನ್ನ ನಿನ್ ಸಂತನಿಗೆ ಕೊಟ್ಬಿಟ್ಯಲ್ಲ" ಎಂದು ಅಮ್ಮನಿಗೆ ಹೇಳಿ ಮಣ್ಣಾದ ದಿನವೇ ಬಸ್ಸು ಹತ್ತಿದೆ.

ನಿನ್ನೆ ಸಂಜೆ ಅಮ್ಮ ಅನ್ನವನ್ನೆಲ್ಲ ಗುಂಡಿಗೆ ಸುರಿದು, ತಟ್ಟೆ ತೊಳೆದು ಬಂದು ನನ್ನನ್ನು ಕೇಳಿದ್ದು ಒಂದೇ ಮಾತು: "ಇರಾಸಿ ಸರಿಯಾಗಿ ಉಣ್ತಾಳಂತಾ?" ಉಣ್ಣುತ್ತಾಳೆ ಎಂದೆ. ನನಗೇನು ಗೊತ್ತು?

ಒಮ್ಮೆ ಬಂದು ಹೋಗು. ಮಾತಾಡದಿದ್ದರೂ ಸರಿ.

ನಿನ್ನ ಅಕ್ಕ
ಜುಲೇಯ್ದೆ

ಮರೆತ ಮಾತು: ಅಮ್ಮನಿಗೆ ಕಿವಿ ಮಂದ, ಫೋನಿನ ಸದ್ದು ಜೋರಾಗಿ ಇಟ್ಟುಕೊಳ್ಳುತ್ತಾಳೆ. ನಾಯಿ ಕಚ್ಚಿದ ದಿನ ನಾನು ಒಳಗೆ ಮರಗೆಣಸು ತುರಿಯುತ್ತಿದ್ದೆ. ಎರಿವಾನ್‌ಗೆ ಚಪ್ಪಲಿ ಹಾಕಿಸಿ, ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಲೇ ಎಂದು ಅಮ್ಮ ಫೋನಿನಲ್ಲಿ ನಿನ್ನನ್ನು ಕೇಳಿದ್ದೂ ಕೇಳಿಸಿತು, ಸಂತನ ಪಂಕ್ತಿಯ ನಾಯಿ ತಾನೆ ಎಂದು ನೀನು ನಕ್ಕು ಬೇಡವೆಂದದ್ದೂ ಕೇಳಿಸಿತು. ಅದನ್ನು ಅಮ್ಮ ಈವರೆಗೆ ಯಾರಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ನಾನೂ ಹೇಳುವುದಿಲ್ಲ. ಹೆದರಬೇಡ, ಬಾ.